ಬಾರದವರ ಜಪಸರ

ಇನ್ನೊಂದು ಬಸ್ಸನ್ನೂ ಬಿಟ್ಟಳು ಮೋನಿಕಾ. ಕಂಡಕ್ಟರು ‘ಭದ್ರಾವತಿ ಭದ್ರಾವತಿ, ಸೀಟಿದೆ ಬನ್ನಿ ಮೇಡಂ’ ಎಂದು ಅವಳ ಮುಖಕ್ಕೇ ಕೂಗಿದ. ಅವಳು ಯಾವುದೋ ಬೇರೆ ಊರಿಗೆ ಹೊರಟವಳ ಹಾಗೆ ಆಚೆ ನೋಡಿದ್ದು ಕಂಡು ಗೊಣಗುತ್ತಾ ಬಾಗಿಲು ಎಳೆದುಕೊಂಡ. ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಕೂತು ಭದ್ರಾವತಿಗೆ ಬಸ್ಸು ಸಿಗಲಿಲ್ಲ ಎಂದು ಹೇಳಿದರೆ ನಂಬುವ ಮೂರ್ಖರು ಯಾರೂ ಇಲ್ಲ. ಒಂದು ಹೋದರೆ ಅದರ ಬೆನ್ನಿಗೇ ಇನ್ನೊಂದು. ಗೊತ್ತಿದ್ದೂ ಕೂತಿದ್ದಳು. ಭದ್ರಾವತಿಯ ಚರ್ಚಿನಲ್ಲಿ ಈಗ ತೀರಿಕೊಂಡ ಅಪ್ಪನ ತಿಂಗಳ ಪೂಜೆ ನಡೆಯುತ್ತಿರಬೇಕು. ಪೂಜೆ ಮುಗಿದು ಜನ ಮನೆಗೆ ಬಂದು ಊಟಕ್ಕೆ ಕೂರುವ ಹೊತ್ತಿಗೆ ಹೋಗಿ, ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಂತುಬಿಟ್ಟರೆ ಪೂಜೆಗೆ ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ, ಸಾರಿನ ಬಕೆಟ್ಟು ಹಿಡಿದವಳನ್ನು ಯಾರು ತಾನೆ ಕೇಳುತ್ತಾರೆ ಎಂಬುದು ಅವಳ ಲೆಕ್ಕಾಚಾರ. ಸಂಜೆ ಐದೂವರೆಯ ಬಸ್ಸಿಗೆ ವಾಪಸ್ಸು. ಏಳು ಗಂಟೆಯ ಪ್ರಾರ್ಥನೆಯವರೆಗೆ ಆ ಮನೆಯಲ್ಲಿ ನಿಲ್ಲುವ ಮಾತೇ ಇಲ್ಲ.

ಕಳೆದ ತಿಂಗಳು ಅಪ್ಪನ ಶವಪೆಟ್ಟಿಗೆ ಪೀಠದ ಮುಂದೆ ಇದ್ದಾಗ, ಪರಮಪ್ರಸಾದ ತೆಗೆದುಕೊಳ್ಳಲು ಇಡೀ ಚರ್ಚು ಎದ್ದಿತ್ತು. ಮುಂದಿನ ಬೆಂಚಿನಲ್ಲಿ ಅಂಚಿಗೆ ಕೂತಿದ್ದವಳು ಇವಳೇ. ಅಮ್ಮ ಎದ್ದಳು, ಚಿಕ್ಕಪ್ಪಂದಿರು ಎದ್ದರು, ಒಬ್ಬೊಬ್ಬರೂ ಇವಳನ್ನು ದಾಟಿಯೇ ಹೋಗಬೇಕು. ಒಬ್ಬೊಬ್ಬರಿಗೂ ಇವಳು ಮಂಡಿ ಓರೆ ಮಾಡಿ ದಾರಿ ಬಿಟ್ಟಳು. ಸಿನಿಮಾ ಟಾಕೀಸಿನಲ್ಲಿ ತಡವಾಗಿ ಬಂದವರಿಗೆ ಜಾಗ ಬಿಡುವಂತೆ. ದೊಡ್ಡಮ್ಮನೊಬ್ಬಳು ಇವಳು ದುಃಖದಿಂದ ಏಳಲಾಗದೆ ಕೂತಿದ್ದಾಳೆ ಎಂದುಕೊಂಡು ಮೊಣಕೈ ಹಿಡಿದು ‘ಏಳಮ್ಮ, ಅಪ್ಪನಿಗೋಸ್ಕರ ಆದ್ರೂ ಏಳು’ ಎಂದಳು. ಆಮೇಲೆ ಅವಳಿಗೇ ನೆನಪಾಯಿತು. ಚರ್ಚಿನ ಹೊರಗೆ, ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದವಳು ಇವಳು. ಪ್ರಸಾದದ ಸಾಲಿಗೆ ಬರುವ ಹಾಗಿಲ್ಲ. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಕೈ ಬಿಟ್ಟಳು ದೊಡ್ಡಮ್ಮ. ಆ ಕೈ ಬಿಟ್ಟ ರೀತಿಯನ್ನು ಮೋನಿಕಾ ಈ ತಿಂಗಳೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕೂತು, ಅನ್ನಕ್ಕೆ ನೀರಿಡುತ್ತಾ, ಮಗಳಿಗೆ ಲೆಕ್ಕ ಹೇಳಿಕೊಡುತ್ತಾ ಮತ್ತೆ ಮತ್ತೆ ಅನುಭವಿಸಿದ್ದಳು.

ಕೊನೆಗೆ ಹತ್ತಿದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ತೊಡೆಯ ಮೇಲೆ ಅತ್ತೆ ಕೊಟ್ಟ ಕಾಫಿಪುಡಿಯ ಪೊಟ್ಟಣ. ‘ನಿಮ್ಮಲ್ಲಿ ತಿಂಗಳಿಗೆ ಎಡೆ ಇಡ್ತಾರೇನೆ?’ ಎಂದು ಬೆಳಿಗ್ಗೆ ಕೇಳಿದ್ದರು ನಂಜಮ್ಮ. ‘ಇಲ್ಲ ಅತ್ತೆ, ಪೂಜೆ ಮಾಡ್ಸಿ ಊಟ ಹಾಕ್ತಾರೆ ಅಷ್ಟೆ.’ ‘ಹೋಗ್ಲಿ ಬಿಡು. ಬೀಗರಿಗೆ ನಮ್ಮನೆ ಕಾಫಿ ಅಂದ್ರೆ ಜೀವ. ತಗೊಂಡೋಗಿ ಬಂದೋರಿಗೆಲ್ಲ ಮಾಡ್ಕೊಡು, ಅವರಿಗೂ ಮುಟ್ಟುತ್ತೆ.’ ಬಸ್ಸು ಮಲವಗೊಪ್ಪ ದಾಟುವಾಗ ಪೊಟ್ಟಣದ ವಾಸನೆ ಮೂಗಿಗೆ ಬಂದು, ಶಿವಮೊಗ್ಗದ ರವೀಂದ್ರನಗರದ ತಮ್ಮ ಮನೆಯ ಸೋಫಾದ ತುದಿಯಲ್ಲಿ ನೆನಪಿನ ಅಪ್ಪ ಬಂದು ಕೂತರು. ಅವರು ಯಾವತ್ತೂ ಪೂರ್ತಿ ಸೋಫಾದಲ್ಲಿ ಕೂತವರಲ್ಲ. ತಿಂಗಳಿಗೊಮ್ಮೆ ಶನಿವಾರ ಬರುತ್ತಿದ್ದರು. ಮೊಮ್ಮಗಳಿಗೆ ಕಡಲೆಮಿಠಾಯಿ, ಅತ್ತೆಯ ಮಂಡಿನೋವಿಗೆ ಯಾರೋ ಹೇಳಿದ ಎಣ್ಣೆ, ಅಳಿಯ ದುಶ್ಯಂತನ ಜೊತೆ ಎರಡು ಮಾತು. ನಾಲ್ಕೂವರೆ ಆಗುತ್ತಲೂ ಅವರ ಕಣ್ಣು ಗೋಡೆ ಗಡಿಯಾರಕ್ಕೆ ಹೋಗುವುದು. ‘ಬರ್ತೀನಿ ಬೀಗ್ರೆ, ಪ್ರಾರ್ಥನೆಗೆ ಹೊತ್ತಾಯ್ತು.’ ಇವಳು ಗೇಟಿನವರೆಗೆ ಹೋಗಿ, ಬೇಡ ಬೇಡವೆಂದುಕೊಂಡರೂ ಒಮ್ಮೆ ಕೇಳಿಯೇಬಿಟ್ಟಿದ್ದಳು, ‘ಒಂದಿನ ಪ್ರಾರ್ಥನೆ ತಪ್ಪಿದ್ರೆ ಏನಾಗ್ಹೋಗುತ್ತೆ ಅಪ್ಪ? ಮಗಳ ಮನೇಲಿ ಒಂದು ರಾತ್ರಿ ಊಟ ಮಾಡೋಕಾಗಲ್ವಾ ನಿಮಗೆ?’ ಅಪ್ಪ ಚಪ್ಪಲಿ ಮೆಟ್ಟುತ್ತಾ, ‘ಕಾಯ್ತಾ ಇರ್ತಾರಲ್ಲ ಮಗಾ’ ಎಂದರು. ‘ಯಾರು?’ ‘ಬರದೇ ಇರೋರು.’ ಬರದೇ ಇರುವವರು ಅದು ಹೇಗೆ ಕಾಯುತ್ತಾರೆ ಎಂದು ಅವಳು ಕೇಳಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಬಂದು ಕಾಫಿಲೋಟವನ್ನು ಸಿಂಕಿಗೆ ಎಸೆದಂತೆ ಇಟ್ಟಿದ್ದಳು.

ಬರದೇ ಇರುವವರು ಯಾರೆಂದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಅಪ್ಪ, ಅಂದರೆ ಭದ್ರಾವತಿಯ ಮಿಶನ್ ಶಾಲೆಯ ಹೆಡ್ಮಾಸ್ಟರು ಇನ್ನಾಸಪ್ಪ, ದಿನಾ ಸಂಜೆ ಮನೆಯ ಚಾಪೆಯ ಮೇಲೆ ಜಪಸರ ಹಿಡಿದು ಕೂರುತ್ತಿದ್ದರು. ಎಲ್ಲ ಕಥೋಲಿಕರ ಮನೆಯಲ್ಲೂ ಕೂರುತ್ತಾರೆ. ಆದರೆ ಉಳಿದವರ ಮನೆಯಲ್ಲಿ ಐವತ್ತು ಮಣಿ ಉರುಳಿದರೆ ಮುಗಿಯಿತು, ಸಾರು ಬಿಸಿಗಿಡಬಹುದು. ಇವರ ಮನೆಯಲ್ಲಿ ಹಾಗಲ್ಲ. ಅವತ್ತು ಶಾಲೆಗೆ ಬಾರದ ಮಕ್ಕಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಣಿ. ಹೆಸರು, ಕ್ಲಾಸು, ಗೊತ್ತಿದ್ದರೆ ಕಾರಣ. ಆಮೇಲೆ ಒಂದು ‘ನಮೋ ಮರಿಯಾ’ ಪ್ರಾರ್ಥನೆ. ಕಾಗದ ಇಲ್ಲ, ಚೀಟಿ ಇಲ್ಲ, ಎಲ್ಲ ತಲೆಯಲ್ಲೇ. ಸೀತಾಳೆ ಸಿಡುಬಿನ ಕಾಲ, ಭತ್ತ ಕೊಯ್ಲಿನ ಕಾಲ, ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಸಂಬಳ ನಿಂತ ಕಾಲಗಳಲ್ಲಿ ಮಣಿ ಸಾಲದೆ ಜಪಸರ ಮತ್ತೊಂದು ಸುತ್ತು ಬರುವುದು. ಶಾಲೆ ಬಿಟ್ಟು ಎಲ್ಲಿಗೋ ಹೋದವರ ಹೆಸರೂ ಅವರು ವಾಪಸ್ಸು ಬರುವ ತನಕ ಬಿಡುತ್ತಿರಲಿಲ್ಲ. ಒಳಗೆ ಅನ್ನ ತಣ್ಣಗಾಗುತ್ತಿತ್ತು. ಪುಟ್ಟ ಮೋನಿಕಾ ತೂಕಡಿಸಿ ತೂಕಡಿಸಿ ಅಮ್ಮನ ತೊಡೆಗೆ ಬೀಳುತ್ತಿದ್ದಳು. ನಿದ್ದೆಯ ಒಳಗೂ ಅಪರಿಚಿತ ಹೆಸರುಗಳು ಸಾಲಾಗಿ ಬಂದು ಅಪ್ಪನ ಸುತ್ತ ಕೂರುತ್ತಿದ್ದವು, ಮುನಿಯಮ್ಮ, ಸೆಲ್ವಿ, ಸುಘೋಷ, ರಹಮತ್. ಅವಳ ಹೆಸರೊಂದನ್ನು ಬಿಟ್ಟು.

ಹಾಗೆಂದು ಅಪ್ಪ ಅವಳನ್ನು ಮರೆತವರಲ್ಲ. ಅಮ್ಮ ಜ್ಞಾನಮ್ಮ ಕಾರ್ಖಾನೆಯ ಆಸ್ಪತ್ರೆಯಲ್ಲಿ ನರ್ಸು, ಬೆಳಗಿನ ಪಾಳಿಗೆ ಕತ್ತಲಲ್ಲೇ ಹೋಗುವವಳು. ಮಗಳಿಗೆ ಎರಡು ಜಡೆ ಹಾಕುತ್ತಿದ್ದವರು ಅಪ್ಪ. ಶಾಲೆಯ ಆಯಾ ಹಾಲಮ್ಮನಿಂದ ಕಲಿತುಕೊಂಡು, ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ಬೈತಲೆ ತೆಗೆದು ಹೆಣೆಯುತ್ತಿದ್ದರು. ಆ ಜಡೆ ಸಂಜೆಯವರೆಗೂ ಬಿಚ್ಚುತ್ತಿರಲಿಲ್ಲ. ಹೆಣೆಯುತ್ತಾ ಮಗ್ಗಿ ಕೇಳುವರು. ಆದರೆ ಶಾಲೆಯ ಗೇಟು ದಾಟಿದ ಮೇಲೆ ಅವರು ‘ಸಾರ್’, ಇವಳು ಸಾಲಿನಲ್ಲಿ ನಿಂತವಳೊಬ್ಬಳು. ಮೂರನೇ ಕ್ಲಾಸಿನಲ್ಲಿದ್ದಾಗ ಅವಳಿಗೊಂದು ಉಪಾಯ ಹೊಳೆಯಿತು. ಹೊಟ್ಟೆನೋವೆಂದು ಕಂಬಳಿಯೊಳಗೆ ಮುದುಡಿಕೊಂಡು ಶಾಲೆಗೆ ಚಕ್ಕರ್ ಹಾಕಿದಳು. ಇಡೀ ದಿನ ಗಂಜಿ ಕುಡಿದು ಸಂಜೆಗಾಗಿ ಕಾದಳು. ಅಪ್ಪ ಚಾಪೆಯ ಮೇಲೆ ಕೂತರು, ಒಂದೊಂದೇ ಹೆಸರು ಬಂತು, ಮೂರನೇ ಕ್ಲಾಸಿನದೂ ಬಂತು, ಇವಳ ಪಕ್ಕ ಕೂರುವ ಹುಡುಗಿಯದೂ ಬಂತು. ಇವಳದು ಬರಲೇ ಇಲ್ಲ. ಶಿಲುಬೆ ಗುರುತು ಹಾಕಿ ಎಲ್ಲರೂ ಎದ್ದ ಮೇಲೆ ಅಳು ತಡೆಯಲಾರದೆ, ‘ಅಪ್ಪ, ನಾನೂ ಬಂದಿರ್ಲಿಲ್ವಲ್ಲ ಇವತ್ತು?’ ಎಂದಳು. ಅಪ್ಪ ಹೊಟ್ಟೆನೋವಿನ ಸುದ್ದಿ ಎತ್ತಲಿಲ್ಲ. ‘ನೀನು ಇಲ್ಲೇ ಕೂತಿದೀಯಲ್ಲೋ ಮಗಾ’ ಎಂದರು. ‘ಎದುರಿಗೆ ಇರೋರಿಗೆ ಮಣಿ ಯಾಕೆ?’

ಅದು ನ್ಯಾಯವೇ ಇರಬಹುದು. ಎಂಟು ವರ್ಷದ ಹುಡುಗಿಗೆ ನ್ಯಾಯ ತಗೊಂಡು ಏನಾಗಬೇಕು? ನಿದಿಗೆಯಲ್ಲಿ ಬಸ್ಸು ನಿಂತು ಹೊರಟಾಗ ಅವಳಿಗೆ ಅಪ್ಪನ ಮೇಲೆ ಆ ಹಳೆಯ ಸಿಟ್ಟು ಹಾಗೇ ಬಂತು, ಅದರ ಬೆನ್ನಿಗೇ ಯಾವತ್ತೂ ಬರುವ ಇನ್ನೊಂದು ನೆನಪೂ ಬಂತು. ಅಪ್ಪನ ಸೈಕಲ್ಲಿನ ಕ್ಯಾರಿಯರಿನಲ್ಲಿ ಕೂತು ಲಿಂಗಪ್ಪನನ್ನು ಹುಡುಕಿಕೊಂಡು ಹೋದ ಬೆಳಗು. ಬಾರದವರ ಮನೆಗೆ ಹೋಗುವುದು ಅವರ ದಿನದ ಕೆಲಸ. ಕ್ವಾರ್ಟರ್ಸಿನ ಸಾಲುಗಳಲ್ಲಿ ತಮಿಳರ ಜೊತೆ ತಮಿಳು, ತೆಲುಗರ ಜೊತೆ ಹರುಕುಮುರುಕು ತೆಲುಗು. ಲಿಂಗಪ್ಪ ಬಾಗಿಲ ಹಿಂದೆ ಚಡ್ಡಿಯಲ್ಲಿ ನಿಂತಿದ್ದ. ಇರುವುದು ಒಂದೇ ಯೂನಿಫಾರ್ಮ್ ಶರ್ಟು, ರಾತ್ರಿ ಒಗೆದದ್ದು ಒಣಗಿಲ್ಲ. ಅವನ ತಾಯಿ ನಾಚಿಕೆಯಿಂದ ನೆಲ ನೋಡುತ್ತಿದ್ದಳು. ಅಪ್ಪ ಆ ಒದ್ದೆ ಶರ್ಟನ್ನು ತಗೊಂಡು ಇವಳ ಕೈಗೆ ಕೊಟ್ಟರು. ‘ತೋಳು ಎರಡೂ ಹಿಡ್ಕೊ, ಬಿಡಬೇಡ.’ ಕ್ವಾರ್ಟರ್ಸಿನ ಓಣಿಗಳಲ್ಲಿ ಸೈಕಲ್ಲು ಓಡಿತು, ಮೈದಾನ ಸುತ್ತಿತು. ಹಿಂದೆ ಕೂತ ಇವಳ ಕೈಗಳ ನಡುವೆ ಶರ್ಟು ಗಾಳಿ ತುಂಬಿಕೊಂಡು ಪಟಪಟ ಬಡಿದುಕೊಂಡಿತು. ಜನ ನಿಂತು ನೋಡಿದರು. ಹೆಡ್ಮಾಸ್ಟರು ಬೆವರುತ್ತಾ ಪೆಡಲು ತುಳಿಯುತ್ತಿದ್ದರು, ಒಬ್ಬ ಹುಡುಗನ ಶರ್ಟು ಒಣಗಿಸುವುದಕ್ಕೆ. ಇಂಥವರಿಗೆ ಮಗಳಾಗಿರುವುದು ಎಂದರೆ ಏನೆಂದು ಮೋನಿಕಾಗೆ ಇವತ್ತಿಗೂ ಗೊತ್ತಾಗಿಲ್ಲ. ದೊಡ್ಡ ದೇವಸ್ಥಾನದ ಪಕ್ಕದಲ್ಲೇ ಮನೆ ಇದ್ದ ಹಾಗೆ. ಊರೆಲ್ಲ ಕೈಮುಗಿಯಲು ಬರುತ್ತದೆ, ಮನೆಯವರಿಗೆ ಗಂಟೆಯ ಸದ್ದಿಗೆ ನಿದ್ದೆ ಇಲ್ಲ.

ಮನೆ ತುಂಬಾ ಜನ. ಅಂದುಕೊಂಡಂತೆ ಸೀದಾ ಅಡುಗೆಮನೆಗೆ ನುಗ್ಗಿ ಸಾರಿನ ಬಕೆಟ್ಟು ಹಿಡಿದಳು, ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದೂ ಚುಚ್ಚಿತು. ಬಡಿಸಿದ ಕಡೆಯಲ್ಲೆಲ್ಲ ಅಪ್ಪನ ಮಾತೇ. ಒಬ್ಬ ವಕೀಲ, ‘ನನ್ ಮದುವೆಗೆ ಬಂದು ಮೇಷ್ಟ್ರು ಏನಂದ್ರು ಗೊತ್ತಾ? ಏಳನೇ ಕ್ಲಾಸಲ್ಲಿ ಹನ್ನೆರಡು ದಿನ ಬಂದಿರ್ಲಿಲ್ಲ ಕಣೋ ನೀನು ಅಂದ್ರು’ ಎಂದು ನಗುತ್ತಾ ಕಣ್ಣೊರೆಸಿಕೊಂಡ. ಬಾಗಿಲ ಬಳಿ ಬಾಳೆಎಲೆ ಎತ್ತುತ್ತಿದ್ದವನು ಅದೇ ಲಿಂಗಪ್ಪ. ಈಗ ಹೊಸಸೇತುವೆ ರಸ್ತೆಯಲ್ಲಿ ಟೈರ್ ಅಂಗಡಿ. ಶರ್ಟು ಒಣಗಿಸಿಕೊಟ್ಟರೂ ಏಳನೇ ಕ್ಲಾಸಿನಲ್ಲಿ ಲಾರಿ ಹತ್ತಿ ಓಡಿಹೋಗಿದ್ದ. ವರ್ಷಗಟ್ಟಲೆ ಅವನಿಗೊಂದು ಮಣಿ ಉರುಳಿತು. ಮೋನಿಕಾ ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ, ಮೀಸೆ ಮೂಡಿದ, ಡೀಸೆಲ್ ವಾಸನೆಯ ಹುಡುಗನೊಬ್ಬ ಪ್ರಾರ್ಥನೆಯ ಮಧ್ಯೆ ಬಂದು ಬಾಗಿಲಲ್ಲಿ ನಿಂತ. ಅಪ್ಪ ಅವನನ್ನು ನೋಡಿದರು, ನಿಲ್ಲಿಸಲಿಲ್ಲ. ಸರದಿ ಬಂದಾಗ ಎಂದಿನ ದನಿಯಲ್ಲೇ ‘ಲಿಂಗಪ್ಪ’ ಎಂದರು. ಹುಡುಗ ತನಗೇ ಗೊತ್ತಿಲ್ಲದೆ ಕೈ ಹಿಂದೆ ಕಟ್ಟಿ, ಎದೆ ಸೆಟೆಸಿ ‘ಹಾಜರ್ ಸಾರ್’ ಎಂದುಬಿಟ್ಟ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಆ ಮಣಿಗೆ ಪ್ರಾರ್ಥನೆ ಹೇಳದೆ ಸುಮ್ಮನೆ ಮುಂದಕ್ಕೆ ಜರುಗಿಸಿ, ‘ಕೂತ್ಕೊ’ ಎಂದರು. ಯಾಕೆ ಪ್ರಾರ್ಥನೆ ಹೇಳಲಿಲ್ಲ ಎಂದು ಊಟದ ಹೊತ್ತಿಗೆ ಇವಳು ಕೇಳಿದ್ದಳು. ‘ಬಂದವನಿಗೆ ಇನ್ನೇನು ಕೇಳೋದು ಮಗಾ? ಬಂದ, ಅಷ್ಟೆ.’

ಜನ ಕರಗಿ ಪಾತ್ರೆಗಳು ಉಳಿದವು. ಅಮ್ಮ ಮಣೆಯ ಮೇಲೆ ಕಾಲು ಚಾಚಿ ಕೂತಳು. ಆ ಊದಿದ ಪಾದಗಳನ್ನು ನೋಡುತ್ತಾ ಮೋನಿಕಾಗೆ ಪವಿತ್ರ ಗುರುವಾರದ ರಾತ್ರಿಗಳು ಬಂದವು. ಚರ್ಚಿನಲ್ಲಿ ಗುರುಗಳು, ಯೇಸು ಶಿಷ್ಯರಿಗೆ ತೊಳೆದಂತೆ, ಹನ್ನೆರಡು ಜನರ ಪಾದ ತೊಳೆಯುವುದನ್ನು ನೋಡಿಕೊಂಡು ಬಂದು ಅಪ್ಪ ನೀರು ಕಾಯಿಸಿ, ಬೋಗುಣಿ ತಂದು, ಆಸ್ಪತ್ರೆಯಲ್ಲಿ ದಿನವಿಡೀ ನಿಂತು ಬಂದ ಅಮ್ಮನ ಪಾದ ತೊಳೆಯುತ್ತಿದ್ದರು. ಅಮ್ಮ ‘ಬಿಡ್ರೀ, ಮಗಳು ನೋಡ್ತಾಳೆ’ ಎಂದರೆ, ‘ನೋಡ್ಲಿ’ ಎನ್ನುವರು. ನೋಡಿದ್ದಳು. ಆದ್ದರಿಂದಲೇ, ದುಶ್ಯಂತನ ವಿಷಯ ಹೇಳಿದ ದಿನ ಅಪ್ಪ ಕೂಗಾಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ಎನಿಸುತ್ತಿತ್ತು. ‘ಹುಡುಗ ಒಳ್ಳೆಯವನಾ?’ ಎಂದಷ್ಟೇ ಕೇಳಿದರು. ಹುಟ್ಟುವ ಮಕ್ಕಳನ್ನು ಕ್ರೈಸ್ತರಾಗಿಯೇ ಬೆಳೆಸುತ್ತೇವೆ ಎನ್ನುವ ಚರ್ಚಿನ ಕಾಗದಕ್ಕೆ ಅವನಿಂದ ಸಹಿ ಹಾಕಿಸೋದಿಲ್ಲ ಅಂತ ಹಟ ಹಿಡಿದವಳು ಇವಳು. ಸರಿ ಎಂದರು. ರಿಜಿಸ್ಟ್ರಾರ್ ಆಫೀಸಿಗೆ ಬಂದು, ಬೋರ್ಡಿನ ಮೇಲೆ ಬರೆಯುವ ಅದೇ ಗುಂಡು ಅಕ್ಷರದಲ್ಲಿ ಸಾಕ್ಷಿ ಸಹಿ ಹಾಕಿ, ಇವಳ ತಲೆಯ ಮೇಲೆ ಕೈಯಿಟ್ಟು, ಊಟಕ್ಕೂ ನಿಲ್ಲದೆ ಸಂಜೆಯ ಬಸ್ಸು ಹಿಡಿದರು. ಅವತ್ತೂ ಪ್ರಾರ್ಥನೆಗೆ ಹೊತ್ತಾಗಿತ್ತು. ಅವತ್ತಿನಿಂದ ಅವಳು ತವರಿಗೆ ಬಂದರೂ ಏಳು ಗಂಟೆಯ ಒಳಗೆ ಹೊರಟುಬಿಡುವಳು. ಆ ಚಾಪೆಯ ಸುತ್ತಿನಿಂದ ಅವರು ಕಳಿಸಲಿಲ್ಲ, ಇವಳೇ ಎದ್ದು ಬಂದಳು. ಆದರೆ ಎದ್ದು ಬಂದವಳನ್ನು ಮತ್ತೆ ಕೂತ್ಕೊ ಎಂದು ಒಬ್ಬರಾದರೂ ಹೇಳಬಹುದಿತ್ತು.

‘ಇವತ್ತೊಂದಿನ ಇದ್ದು ಪ್ರಾರ್ಥನೆ ಮುಗಿಸ್ಕೊಂಡು ಹೋಗೆ’ ಎಂದಳು ಅಮ್ಮ, ಪಾದ ನೀವಿಕೊಳ್ಳುತ್ತಾ.

‘ಬಸ್ಸಿಗೆ ತಡ ಆಗುತ್ತಮ್ಮ.’

‘ಬಸ್ಸಿಗೇನು ಬರಗಾಲ ಬಂದಿದೆಯಾ?’

ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಹಾಲಮ್ಮ ಬಂದಳು. ಅಪ್ಪ ರಿಟೈರ್ ಆದ ಮೇಲೂ ದಿನಾ ಸಂಜೆ ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಬಂದು, ಅವತ್ತು ಬಾರದವರ ಹೆಸರು ಬಾಯಲ್ಲೇ ಹೇಳಿ ಹೋಗುತ್ತಿದ್ದಳು ಅವಳು. ಹೇಳಿಸಿಕೊಳ್ಳುವವರು ಹೋಗಿ ತಿಂಗಳಾದರೂ ಬಿಟ್ಟಿರಲಿಲ್ಲ. ‘ಇವತ್ತು ಭಾಳ ಜನ ಇಲ್ಲ ಕಣವ್ವ, ನಾಕೇ ನಾಕು...’ ಎನ್ನುತ್ತಾ ಒಳಗೆ ಬಂದವಳು ಮೋನಿಕಾಳನ್ನು ಕಂಡು ಮಾತು ನುಂಗಿಕೊಂಡಳು. ಅಮ್ಮನ ಮುಖ ನೋಡಿದಳು. ಅಮ್ಮ, ‘ಹೇಳು, ನಾಲ್ಕು ಯಾರ್ಯಾರು?’ ಎಂದಳು. ಆ ಕ್ಷಣದಲ್ಲಿ ಮೋನಿಕಾಗೆ ಮೈಯೆಲ್ಲ ಉರಿಯಿತು. ಅವರು ಸತ್ತ ಮೇಲೂ ಆ ಹೆಸರುಗಳು ಬರುತ್ತಿವೆ! ತನ್ನ ಅನ್ನ ತಣ್ಣಗಾಗಿಸಿದವು, ತನ್ನ ಸೋಫಾದಿಂದ ಅಪ್ಪನನ್ನು ಎಬ್ಬಿಸಿಕೊಂಡು ಹೋದವು. ಇವತ್ತು ಅವನ್ನು ಎದುರಿಗೆ ಕೂತು ಕೇಳಿಯೇ ಬಿಡಬೇಕು, ಏನಿದೆ ಅವುಗಳಲ್ಲಿ ಅಂತ ನೋಡಿಬಿಡಬೇಕು ಎಂಬ ಹಟ ಬಂತು. ‘ತಡವಾಗಿ ಬರ್ತೀನಿ’ ಎಂದು ದುಶ್ಯಂತನಿಗೆ ಫೋನು ಮಾಡಿದಳು. ಅತ್ತೆಯ ಪುಡಿಯಿಂದ ಎಲ್ಲರಿಗೂ ಕಾಫಿ ಮಾಡಿಕೊಟ್ಟಳು.

ಏಳು ಗಂಟೆಗೆ ಮರಿಯಮ್ಮನ ಪಟದ ಮುಂದೆ ಮೊಂಬತ್ತಿ ಹಚ್ಚಿ ಚಾಪೆ ಹಾಸಿದರು. ಅಕ್ಕಪಕ್ಕದ ಮನೆಯವರು ಇಬ್ಬರು ಮೂವರು, ಬಾಗಿಲ ಪಕ್ಕ ಗೋಡೆಗೊರಗಿ ಹಾಲಮ್ಮ, ಅವಳ ಹತ್ತಿರ ಲಿಂಗಪ್ಪ. ಇವರಿಬ್ಬರಿಗೂ ಈ ಮಂತ್ರ ಸಂಬಂಧವಿಲ್ಲದ್ದು, ಆದರೂ ಬಾಯಿಪಾಠ. ಮೋನಿಕಾ ಹಿಂದಿನ ಸಾಲಿನಲ್ಲಿ, ಯಾವ ಕ್ಷಣದಲ್ಲಾದರೂ ಎದ್ದು ಹೋಗಬಹುದಾದ ಜಾಗದಲ್ಲಿ ಕೂತಳು. ಅಪ್ಪನಂತೆಯೇ ತುದಿಯಲ್ಲಿ ಕೂತಿದ್ದೇನೆ ಎಂದು ಹೊಳೆಯಿತು. ಅಪ್ಪನ ಕೈಯ ಎಣ್ಣೆ ಕುಡಿದು ಕಪ್ಪಾದ ಮರದ ಜಪಸರ ಈಗ ಅಮ್ಮನ ಕೈಯಲ್ಲಿತ್ತು. ಮೊದಲ ಪ್ರಾರ್ಥನೆಗಳು ಮುಗಿದವು. ಅಮ್ಮ ಕಣ್ಣು ಮುಚ್ಚಿಕೊಂಡು ಮೊದಲ ಮಣಿ ಹಿಡಿದಳು.

‘ಮೋನಿಕಾ’ ಎಂದಳು.

ಏನೋ ತರಲು ಕರೆಯುತ್ತಿದ್ದಾಳೆ ಎಂದುಕೊಂಡು ಮೋನಿಕಾ ಅರ್ಧ ಎದ್ದಳು. ಅಮ್ಮನ ಕಣ್ಣು ತೆರೆಯಲಿಲ್ಲ. ಮಣಿ ಬೆರಳ ನಡುವೆಯೇ ಇತ್ತು. ಪಕ್ಕದ ಮನೆಯವರಲ್ಲಿ ಯಾರೂ ಚಕಿತರಾಗಲಿಲ್ಲ. ದಿನಾ ಕೇಳುವ ಹೆಸರನ್ನು ಕೇಳಿದವರಂತೆ ಮುಂದಿನ ಮಾತಿಗೆ ಕಾಯುತ್ತಿದ್ದರು. ಹಾಲಮ್ಮ ಮಾತ್ರ ಇವಳ ಕಡೆ ತಿರುಗಿ, ಪಿಸುಮಾತೆಂದು ತಾನು ತಿಳಿದ ದೊಡ್ಡ ದನಿಯಲ್ಲಿ, ‘ನಿನ್ ಮದುವೆ ಆದ ಸಂಜೆಯಿಂದ ಮೇಷ್ಟ್ರು ಸುರು ಮಾಡ್ತಿದ್ದಿದ್ದೇ ಇದರಿಂದ ಕಣವ್ವ. ಒಂದಿನಾನೂ ತಪ್ಪಿಸಿಲ್ಲ. ನಿಮ್ಮನೆಗೆ ಬಂದ ದಿವಸ್ಲೂವೆ ಬಸ್ಸಿಳಿದು ಓಡಿ ಬರೋರು’ ಎಂದಳು.

ಕಾಯ್ತಾ ಇರ್ತಾರಲ್ಲ ಮಗಾ. ಚಪ್ಪಲಿ ಮೆಟ್ಟುತ್ತಿದ್ದ ಅಪ್ಪನ ಬಗ್ಗಿದ ಬೆನ್ನು, ಗೇಟಿನ ಸದ್ದು. ತನ್ನನ್ನು ಬಿಟ್ಟು ಅವರು ಓಡಿ ಬರುತ್ತಿದ್ದದ್ದು ತನ್ನ ಹತ್ತಿರಕ್ಕೇ. ಇಷ್ಟು ವರ್ಷಗಳ ಅಷ್ಟೂ ಸಂಜೆ, ಅಲ್ಲಿ ರವೀಂದ್ರನಗರದಲ್ಲಿ ತಾನು ಒಗ್ಗರಣೆ ಹಾಕುತ್ತಲೋ, ಮಗಳನ್ನು ಗದರುತ್ತಲೋ, ಅಪ್ಪನನ್ನೇ ಬೈದುಕೊಳ್ಳುತ್ತಲೋ ಇದ್ದಾಗ, ಇಲ್ಲಿ ಈ ಚಾಪೆಯ ಮೇಲೆ ಊರ ಮಕ್ಕಳೆಲ್ಲರಿಗಿಂತ ಮೊದಲು ಅವಳ ಹೆಸರು ಏಳುತ್ತಿತ್ತು. ಒಂದು ಮಾತೂ ಹೇಳಿರಲಿಲ್ಲ. ಬಾ ಎನ್ನಲಿಲ್ಲ, ಯಾಕೆ ಬರಲಿಲ್ಲ ಎನ್ನಲಿಲ್ಲ. ಇಷ್ಟು ದೊಡ್ಡದನ್ನು ಒಬ್ಬ ಮನುಷ್ಯ ಸೋಫಾದ ತುದಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಹೇಗೆ ಬಚ್ಚಿಟ್ಟುಕೊಂಡಿದ್ದ?

ಅಮ್ಮ ಕಾಯುತ್ತಿದ್ದಳು. ಬಾಗಿಲ ಬಳಿಯಿಂದ ಲಿಂಗಪ್ಪ ಮೆಲ್ಲಗೆ, ‘ಅಕ್ಕಾ, ಬಂದೋರು ಹೇಳ್ಬೇಕು’ ಎಂದ.

ಮೋನಿಕಾ ಪೂರ್ತಿ ಎದ್ದು ನಿಂತಳು. ಕೈಗಳು ತಾವಾಗಿ ಹಿಂದೆ ಹೋದವು. ದನಿ ಬರುತ್ತದೋ ಇಲ್ಲವೋ ಎಂದು ಹೆದರಿಕೆಯಾಯಿತು. ಬಂದಾಗ ಅದು ಮೂರನೇ ಕ್ಲಾಸಿನ ದನಿಯಾಗಿತ್ತು.

‘ಹಾಜರ್ ಸಾರ್.’

ಯಾರೂ ನಗಲಿಲ್ಲ. ಅಮ್ಮ ಪ್ರಾರ್ಥನೆ ಹೇಳದೆ ಆ ಮಣಿಯನ್ನು ಹೆಬ್ಬೆರಳಿನಿಂದ ಸುಮ್ಮನೆ ಮುಂದಕ್ಕೆ ಜರುಗಿಸಿದಳು. ಅವಳ ಮುಚ್ಚಿದ ಕಣ್ಣಿನಿಂದ ನೀರಿಳಿಯುತ್ತಿತ್ತು, ದನಿ ಮಾತ್ರ ಎಂದಿನದೇ.

‘ಕೂತ್ಕೊ’ ಎಂದಳು. ಮುಂದಿನ ಮಣಿ ಹಿಡಿದಳು. ‘ಅಮೂಲ್ಯಾ, ಐದನೇ ಕ್ಲಾಸು. ಜ್ವರ.’

ಮೋನಿಕಾ ಕೂತಳು. ಅಮೂಲ್ಯಾ ಯಾರೋ ಅವಳಿಗೆ ಗೊತ್ತಿರಲಿಲ್ಲ. ಎಲ್ಲರ ಜೊತೆ ಅವಳೂ ‘ನಮೋ ಮರಿಯಾ’ ಎಂದಳು.